ಕರ್ನಾಟಕದ ನಾಣ್ಯಶಾಸ್ತ್ರ

ಕರ್ನಾಟಕದ ನಾಣ್ಯಶಾಸ್ತ್ರವು ಇಂದಿನ ಕರ್ನಾಟಕ ರಾಜ್ಯದ ಪ್ರದೇಶದಲ್ಲಿ ಟಂಕಿಸಲಾದ ಅಥವಾ ಇಲ್ಲಿ ದೊರೆತಿರುವ ನಾಣ್ಯಗಳು, ನೋಟುಗಳು ಹಾಗೂ ಇತರ ವಿನಿಮಯ ಸಾಧನಗಳ ಅಧ್ಯಯನ, ವರ್ಗೀಕರಣ ಮತ್ತು ಸಂಗ್ರಹಕ್ಕೆ ಸಂಬಂಧಿಸಿದ ಶಾಸ್ತ್ರವಾಗಿದೆ. ಶಾಸನಶಾಸ್ತ್ರ ಮತ್ತು ಪುರಾತತ್ತ್ವಗಳೊಂದಿಗೆ ಇದು ನಾಡಿನ ಇತಿಹಾಸ ರಚನೆಗೆ ಮುಖ್ಯ ಆಧಾರಗಳಲ್ಲಿ ಒಂದು. ಶಾತವಾಹನರ ಕಾಲದ ಸೀಸದ ನಾಣ್ಯಗಳು, ರೋಮನ್ ಬೆಳ್ಳಿ ನಾಣ್ಯಗಳು, ಹೊಯ್ಸಳರ ಕನ್ನಡ ಬರಹವುಳ್ಳ ಚಿನ್ನದ ನಾಣ್ಯಗಳು, ವಿಜಯನಗರದ ವರಾಹ, ಮೈಸೂರಿನ ಕಂಠೀರಾಯಿ ಹಣ, ಟಿಪ್ಪು ಸುಲ್ತಾನನ ಆನೆಯ ಗುರುತಿನ ತಾಮ್ರದ ನಾಣ್ಯಗಳು ಇದರ ವ್ಯಾಪ್ತಿಯಲ್ಲಿ ಬರುತ್ತವೆ.

ನಾಣ್ಯದ ಲೋಹ, ತೂಕ ಮತ್ತು ಬರಹದಷ್ಟೇ ಅದು ದೊರೆತ ಸ್ಥಳವೂ ಅಧ್ಯಯನಕ್ಕೆ ಅಗತ್ಯವಾಗಿದೆ. ದೊರೆತ ಸ್ಥಳದ ದಾಖಲೆ ಇರುವ ಸವೆದ ತಾಮ್ರದ ಕಾಸು ಇತಿಹಾಸಕಾರನಿಗೆ ಒದಗಿಸುವ ಮಾಹಿತಿಯನ್ನು, ಮೂಲ ತಿಳಿಯದ ಚಿನ್ನದ ನಾಣ್ಯವು ಅನೇಕ ವೇಳೆ ಒದಗಿಸಲಾರದು.

ಪದಗಳು

ಕನ್ನಡದಲ್ಲಿ ದ್ರವ್ಯಕ್ಕೆ ಬಳಸುವ ಸಾಮಾನ್ಯ ಪದಗಳಲ್ಲಿ ಹಲವು ಮೂಲತಃ ನಿರ್ದಿಷ್ಟ ನಾಣ್ಯಗಳ ಹೆಸರುಗಳು. ‘ಹಣ’ ಎಂಬುದು ಸಂಸ್ಕೃತದ ‘ಪಣ’ದಿಂದ ಬಂದದ್ದು, ಅದು ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿತ್ತು. ‘ದುಡ್ಡು’ ಮತ್ತು ‘ಕಾಸು’ ತಾಮ್ರದ ನಾಣ್ಯಗಳಾಗಿದ್ದವು. ‘ಹೊನ್ನು’ ಎಂದರೆ ಚಿನ್ನವೂ ಹೌದು, ಚಿನ್ನದ ನಾಣ್ಯವೂ ಹೌದು. ಬಿಡಿಗಾಸು, ಚಿಕ್ಕಾಸು ಮೊದಲಾದ ಮಾತುಗಳಲ್ಲಿ ಚಲಾವಣೆಯಿಂದ ಮರೆಯಾದ ಕಾಸು ಇಂದಿಗೂ ಉಳಿದಿದೆ. ‘ನಾಣ್ಯ’ ಎಂಬ ಪದಕ್ಕೆ ಪ್ರಾಮಾಣಿಕತೆ, ಉತ್ತಮ ಗುಣಮಟ್ಟ ಎಂಬ ಅರ್ಥಗಳೂ ಇವೆ. ನಾಣ್ಯಗಳನ್ನು ತಯಾರಿಸುವ ಸ್ಥಳಕ್ಕೆ ಕಮ್ಮಟ ಅಥವಾ ಟಂಕಸಾಲೆ ಎಂದು ಹೆಸರು.

ಮಧ್ಯಕಾಲೀನ ಶಾಸನಗಳಲ್ಲಿ ದಾನ, ತೆರಿಗೆ ಮತ್ತು ದಂಡಗಳನ್ನು ಗದ್ಯಾಣ, ಹಣ, ಹಾಗ, ವೀಸಗಳಲ್ಲಿ ಹೇಳಲಾಗಿದೆ. ಹಾಗವು ಹಣದ ಕಾಲು ಭಾಗ. ವೀಸವು ಹದಿನಾರನೆಯ ಒಂದು ಭಾಗ. ಗದ್ಯಾಣಕ್ಕೆ ಸಾಮಾನ್ಯವಾಗಿ ಹತ್ತು ಹಣವೆಂದು ಎಣಿಸಲಾಗುತ್ತಿದ್ದರೂ ಕಾಲ ಮತ್ತು ಪ್ರದೇಶಕ್ಕೆ ತಕ್ಕಂತೆ ಈ ದರ ಬದಲಾಗುತ್ತಿತ್ತು.

ಅಧ್ಯಯನದ ವಿಧಾನ

ನಾಣ್ಯವನ್ನು ಗುರುತಿಸುವಾಗ ಕೆಳಗಿನ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

• ಲೋಹ: ಚಿನ್ನ, ಬೆಳ್ಳಿ, ತಾಮ್ರ, ಸೀಸ ಅಥವಾ ಮಿಶ್ರಲೋಹ. ಚಿನ್ನದ ಶುದ್ಧತೆಯಲ್ಲಿ ಕಂಡುಬರುವ ಇಳಿಕೆಯು ರಾಜ್ಯದ ಆರ್ಥಿಕ ಸ್ಥಿತಿಯ ಸೂಚಕವಾಗಬಹುದು.
• ತೂಕ: ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಹಿಂದೆ ಚಿನ್ನವನ್ನು ಗುಲಗಂಜಿ, ಮಂಜಾಡಿ ಬೀಜಗಳಿಂದ ತೂಗುತ್ತಿದ್ದರು.
• ತಯಾರಿಕೆಯ ವಿಧಾನ: ಒಂದೊಂದೇ ಗುರುತನ್ನು ಬಿಡಿಬಿಡಿಯಾಗಿ ಒತ್ತಿದ್ದು, ಅಚ್ಚಿನಲ್ಲಿ ಎರಕ ಹೊಯ್ದದ್ದು, ಎರಡು ಅಚ್ಚುಗಳ ನಡುವೆ ಇಟ್ಟು ಬಡಿದದ್ದು, ಯಂತ್ರದಲ್ಲಿ ಮುದ್ರಿಸಿದ್ದು.
• ಚಿತ್ರ ಮತ್ತು ಬರಹ: ಮುಂಬದಿ ಹಾಗೂ ಹಿಂಬದಿಯ ಲಾಂಛನ, ದೇವತಾಮೂರ್ತಿ, ಲಿಪಿ, ಭಾಷೆ, ಬಿರುದು ಮತ್ತು ಇಸವಿ.
• ದೊರೆತ ಸಂದರ್ಭ: ಊರು, ಮಣ್ಣಿನ ಸ್ತರ, ಜೊತೆಯಲ್ಲಿ ದೊರೆತ ಇತರ ವಸ್ತುಗಳು.

ಒಂದೇ ಮಡಕೆಯಲ್ಲಿ ಅಥವಾ ಒಂದೇ ಕಡೆ ದೊರೆತ ನಾಣ್ಯಗಳ ಗುಂಪನ್ನು ನಾಣ್ಯನಿಧಿ ಎನ್ನುತ್ತಾರೆ. ನಿಧಿಯಲ್ಲಿರುವ ಅತ್ಯಂತ ಈಚಿನ ನಾಣ್ಯಕ್ಕಿಂತ ಮೊದಲು ಅದನ್ನು ಹೂತಿರಲು ಸಾಧ್ಯವಿಲ್ಲ. ಈ ಕಾರಣದಿಂದ ನಿಧಿಯನ್ನು ಬಿಡಿಸಿ ಹಂಚಿದರೆ, ಪ್ರತಿಯೊಂದು ನಾಣ್ಯ ಉಳಿದರೂ ನಿಧಿಯ ಕಾಲವನ್ನು ನಿರ್ಣಯಿಸುವ ಆಧಾರ ಕಳೆದುಹೋಗುತ್ತದೆ.

ಇತಿಹಾಸ

ಪ್ರಾಚೀನ ಕಾಲ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯು ರಾಜ್ಯದ ನಾಣ್ಯಾಧ್ಯಯನದಲ್ಲಿ ಪ್ರಮುಖ ನೆಲೆ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಮತ್ತು ಅವರ ನಂತರ ಎಂ. ಎಚ್. ಕೃಷ್ಣ ಇಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ಕೈಗೊಂಡರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ‘ದಿನಾರಿಯಸ್’ ನಾಣ್ಯಗಳು ದೊರೆತಿವೆ. ರೋಮನ್ ನಾಣ್ಯಗಳ ಕಾಲ ಖಚಿತವಾಗಿ ತಿಳಿದಿರುವುದರಿಂದ, ಅವು ದೊರೆತ ಮಣ್ಣಿನ ಸ್ತರಕ್ಕೂ ಅದೇ ಸ್ತರದ ಮಡಕೆ ಚೂರುಗಳಿಗೂ ಕಾಲನಿರ್ಣಯ ಮಾಡಲು ಸಾಧ್ಯವಾಯಿತು.

ಚಿತ್ರದುರ್ಗ ಪ್ರದೇಶದಲ್ಲಿ ದೊರೆತ ಕೆಲವು ಸೀಸದ ನಾಣ್ಯಗಳ ಒಂದು ಬದಿಯಲ್ಲಿ ಗೂಳಿ, ಇನ್ನೊಂದು ಬದಿಯಲ್ಲಿ ಕಟಾಂಜನದೊಳಗಿನ ಮರ ಮತ್ತು ಕಮಾನಿನಾಕಾರದ ಬೆಟ್ಟ ಇವೆ. ಇವುಗಳ ಮೇಲೆ ಸದಕಣ ಕಳಲಾಯ ಮಹಾರಠಿ ಎಂಬ ಹೆಸರಿದೆ. ಈ ಸ್ಥಳೀಯ ಅಧಿಪತಿಯ ಹೆಸರನ್ನು ಇತಿಹಾಸಕ್ಕೆ ಉಳಿಸಿಕೊಟ್ಟಿರುವುದು ಮುಖ್ಯವಾಗಿ ಈ ನಾಣ್ಯಗಳೇ. ಬನವಾಸಿ ಮತ್ತು ಕಾರವಾರ ಪ್ರದೇಶಗಳಲ್ಲಿ ಚುಟುಕುಲಾನಂದ, ಮುಳಾನಂದ ಎಂಬ ಅರಸರ ನಾಣ್ಯಗಳು ದೊರೆತಿವೆ.

ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲುಹಾದಿಯ ಕೆಲಸ ನಡೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಅದೇ ನಗರದ ಹಿಂದೂಸ್ತಾನ್ ಏರೋನಾಟಿಕ್ಸ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳ ಇನ್ನೊಂದು ನಿಧಿ ಕಾಣಿಸಿಕೊಂಡಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟಿಯಂ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕಿವೆ. ಒಳನಾಡಿನ ಕರ್ನಾಟಕವು ಸಮುದ್ರ ವ್ಯಾಪಾರದೊಂದಿಗೆ ಸಂಪರ್ಕ ಹೊಂದಿತ್ತೆಂಬುದಕ್ಕೆ ಇವು ನೇರ ಸಾಕ್ಷ್ಯಗಳು.

ಮಧ್ಯಕಾಲ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಊರಿನ ಪ್ರಾಚೀನ ಹೆಸರು ಲೊಕ್ಕಿಗುಂಡಿ. ಅಲ್ಲಿನ ನಾಣ್ಯ ‘ಲೊಕ್ಕಿ ಗದ್ಯಾಣ’ವೆಂದು ಶಾಸನಗಳಲ್ಲಿ ಪ್ರಸಿದ್ಧವಾಗಿದೆ. ಗೋವೆಯ ಕದಂಬರ ಚಿನ್ನದ ನಾಣ್ಯಗಳ ಮೇಲೆ ಸಿಂಹದ ಲಾಂಛನವೂ ಸಪ್ತಕೋಟೀಶ್ವರನ ವರಪ್ರಸಾದವನ್ನು ಹೇಳುವ ಬರಹವೂ ಇವೆ.

ಹೊಯ್ಸಳ ವಿಷ್ಣುವರ್ಧನನು ತನ್ನ ವಿಜಯಗಳನ್ನೇ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ ಬರೆಸಿದನು. ಗಂಗವಾಡಿಯನ್ನು ಚೋಳರಿಂದ ವಶಪಡಿಸಿಕೊಂಡ ನೆನಪಿಗೆ ‘ಶ್ರೀ ತಳಕಾಡುಗೊಂಡ’ ಎಂದೂ ನೊಳಂಬವಾಡಿಯ ವಿಜಯಕ್ಕಾಗಿ ‘ಶ್ರೀ ನೊಣಂಬವಾಡಿಗೊಂಡ’ ಎಂದೂ ಬರಹಗಳಿವೆ. ಇಂದಿನ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಭಾಗಗಳು ನೊಳಂಬವಾಡಿಗೆ ಸೇರಿದ್ದವು.

ಬರಹವಿಲ್ಲದ ನಾಣ್ಯಗಳ ವಿಷಯದಲ್ಲಿ ತೊಡಕು ಹೆಚ್ಚು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಬಳ್ಳಿಯ ಅಲಂಕಾರವಿರುವ ‘ಗಜಪತಿ’ ಚಿನ್ನದ ನಾಣ್ಯಗಳನ್ನು ಕೆಲವರು ತಲಕಾಡಿನ ಗಂಗರವೆಂದರೆ, ಇತರರು ಬೇರೆ ವಂಶಗಳಿಗೆ ಸೇರಿಸಿದ್ದಾರೆ. 11ನೆಯ ಶತಮಾನದ ಕೊನೆಯಲ್ಲಿ ಕಾಶ್ಮೀರವನ್ನಾಳಿದ ಹರ್ಷನು ಕರ್ಣಾಟದ ನಾಣ್ಯವನ್ನು ಅನುಕರಿಸಿದನೆಂದು ಕಲ್ಹಣನ ‘ರಾಜತರಂಗಿಣಿ’ ತಿಳಿಸುತ್ತದೆ. ಹರ್ಷನ ಆನೆಯ ನಾಣ್ಯಗಳು ದೊರೆತಿರುವುದರಿಂದ, ಈ ಮಾದರಿ ಆ ಕಾಲಕ್ಕೆ ದಕ್ಷಿಣದಾಚೆಗೂ ಪರಿಚಿತವಾಗಿತ್ತೆಂದು ತಿಳಿಯುತ್ತದೆ.

ವಿಜಯನಗರ ಮತ್ತು ಸುಲ್ತಾನರ ಕಾಲ

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ನಾಣ್ಯಪದ್ಧತಿಯನ್ನು ವಿವರಿಸಿದ್ದಾನೆ. ಅವನ ಪ್ರಕಾರ ಚಿನ್ನದಲ್ಲಿ ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗವಾದ ಹಣ. ಬೆಳ್ಳಿಯಲ್ಲಿ ಹಣದ ಆರನೆಯ ಒಂದು ಭಾಗವಾದ ತಾರ. ತಾಮ್ರದಲ್ಲಿ ತಾರದ ಮೂರನೆಯ ಒಂದು ಭಾಗವಾದ ಜಿತಲ್ ಚಲಾವಣೆಯಲ್ಲಿದ್ದವು. ಇವುಗಳಲ್ಲಿ ಹಣವೇ ಹೆಚ್ಚು ಉಪಯುಕ್ತವೆಂದು ಅವನು ಹೇಳಿದ್ದಾನೆ.

ಆರಂಭದ ಅರಸರ ವರಾಹಗಳ ಮೇಲೆ ಹನುಮಂತನ ಚಿತ್ರವಿದೆ. ಅನಂತರ ಉಮಾಮಹೇಶ್ವರ, ಲಕ್ಷ್ಮೀನಾರಾಯಣ ಮೂರ್ತಿಗಳು ಬಂದವು. ಕೃಷ್ಣದೇವರಾಯನ ನಾಣ್ಯಗಳಲ್ಲಿ ಬಾಲಕೃಷ್ಣನೂ ಅಚ್ಯುತರಾಯನ ನಾಣ್ಯಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡವೂ ಪ್ರಸಿದ್ಧ. ಇವುಗಳ ಬರಹ ಹೆಚ್ಚಾಗಿ ನಾಗರಿ ಲಿಪಿಯಲ್ಲಿದ್ದು, ಕೆಲವು ನಾಣ್ಯಗಳಲ್ಲಿ, ವಿಶೇಷವಾಗಿ ತಾಮ್ರದವುಗಳಲ್ಲಿ, ಕನ್ನಡ ಕಂಡುಬರುತ್ತದೆ.

ಕಲಬುರಗಿ ಮತ್ತು ಬೀದರಿನ ಟಂಕಸಾಲೆಗಳಿಂದ ಬಹಮನಿ ಸುಲ್ತಾನರ ನಾಣ್ಯಗಳು ಹೊರಬಂದವು. ಬಹಮನಿ ನಾಣ್ಯಗಳನ್ನು ಅಕ್ಕಸಾಲೆಗಳೂ ಶರಾಫರೂ ಕರಗಿಸುತ್ತಿದ್ದರೆಂದೂ ಒಂದನೆಯ ಮುಹಮ್ಮದ್ ಶಾ ಅವರಿಗೆ ಕಠಿಣ ಶಿಕ್ಷೆ ವಿಧಿಸಿದನೆಂದೂ ಚರಿತ್ರಕಾರ ಫಿರಿಷ್ತಾ ಬರೆದಿದ್ದಾನೆ. ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಬೆಳ್ಳಿ ತಂತಿಯನ್ನು ಮಡಿಸಿ, ಮುದ್ರೆಯೊತ್ತಿ ಮಾಡಿದ ‘ಲಾರಿ’ ಎಂಬ ನಾಣ್ಯವಿತ್ತು. ಪರ್ಷಿಯನ್ ಕೊಲ್ಲಿಯ ವ್ಯಾಪಾರದಿಂದ ಬಂದ ಈ ರೂಪವು ಕೂದಲಿಗೆ ಸಿಕ್ಕಿಸುವ ಪಿನ್ನನ್ನು ಹೋಲುತ್ತದೆ.

ಕೆಳದಿ ಮತ್ತು ಮೈಸೂರು

ಕೆಳದಿಯ ನಾಯಕರ ಇಕ್ಕೇರಿ ವರಾಹದ ಮುಂಬದಿಯಲ್ಲಿ ಉಮಾಮಹೇಶ್ವರ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂಬ ಬರಹವಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಮುಂಬದಿಯ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಇರಿಸಿದನು. ಜನರು ನಂಬಿಕೆಯಿಂದ ಸ್ವೀಕರಿಸುತ್ತಿದ್ದ ರೂಪವನ್ನು ಬದಲಿಸದಿರುವುದು ವ್ಯಾಪಾರಕ್ಕೆ ಅನುಕೂಲವಾಗಿತ್ತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಇದೇ ಶಿವಪಾರ್ವತಿಯರ ಮಾದರಿ ಕಂಡುಬರುತ್ತದೆ. ಆದುದರಿಂದ ಚಿತ್ರವೊಂದರಿಂದಲೇ ನಾಣ್ಯ ಯಾರದೆಂದು ನಿರ್ಧರಿಸಲಾಗದು.

ಒಂದನೆಯ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಸ್ಥಾಪಿಸಿ, ನರಸಿಂಹನ ಚಿತ್ರವಿರುವ ಕಂಠೀರಾಯಿ ಹಣವನ್ನು ಹೊರಡಿಸಿದರು. ಹತ್ತು ಹಣ ಸೇರಿ ಒಂದು ಕಂಠೀರಾಯಿ ವರಾಹ. ಈ ವರಾಹವು ನಾಣ್ಯರೂಪದಲ್ಲಿರದೆ ಕೇವಲ ಲೆಕ್ಕದ ಮಾನವಾಗಿತ್ತು.

ಟಿಪ್ಪು ಸುಲ್ತಾನನು ನಾಣ್ಯಪದ್ಧತಿಯನ್ನು ಪುನರ್ರಚಿಸಿ, ಮೊಘಲ್ ಚಕ್ರವರ್ತಿಯ ಹೆಸರನ್ನು ಕೈಬಿಟ್ಟು, ಪ್ರತಿಯೊಂದು ಮೌಲ್ಯಕ್ಕೂ ಪ್ರತ್ಯೇಕ ಹೆಸರಿಟ್ಟನು:

• ಚಿನ್ನ: ಅಹ್ಮದಿ (ನಾಲ್ಕು ವರಾಹ), ಸಿದ್ದಿಕಿ (ಎರಡು ವರಾಹ), ಫಾರೂಕಿ (ಒಂದು ವರಾಹ)
• ಬೆಳ್ಳಿ: ಹೈದರಿ (ಎರಡು ರೂಪಾಯಿ), ಇಮಾಮಿ (ಒಂದು ರೂಪಾಯಿ), ಆಬಿದಿ (ಅರ್ಧ ರೂಪಾಯಿ)
• ತಾಮ್ರ: ಜೊಹ್ರಾ (ಒಂದು ಪೈಸೆ), ಬಹ್ರಾಮ್ (ಅರ್ಧ), ಅಖ್ತರ್ (ಕಾಲು), ಕುತ್ಬ್ (ಎಂಟನೆಯ ಒಂದು ಭಾಗ)

ತಾಮ್ರದ ನಾಣ್ಯಗಳ ಮೇಲೆ ಆನೆಯ ಚಿತ್ರವಿದೆ. ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾಗುತ್ತದೆ. ಪಟ್ಟಣ, ನಗರ, ಚಿತ್ರದುರ್ಗ, ಧಾರವಾಡ ಮೊದಲಾದ ಕಡೆ ಟಂಕಸಾಲೆಗಳಿದ್ದವು.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ‘ಮಯಿಲಿ ಕಾಸು’ಗಳಲ್ಲಿ ಕನ್ನಡ, ಇಂಗ್ಲಿಷ್ ಮತ್ತು ಪರ್ಷಿಯನ್ ಬರಹಗಳು ಕಂಡುಬರುತ್ತವೆ. ಮೊದಲಿನ ನಾಣ್ಯಗಳಲ್ಲಿ ಆನೆಯೂ ನಂತರದವುಗಳಲ್ಲಿ ಸಿಂಹದೊಂದಿಗೆ ‘ಶ್ರೀ ಚಾಮುಂಡಿ’ ಎಂಬ ಬರಹವೂ ಇವೆ. ಟಂಕಸಾಲೆಯನ್ನು 1833ರಲ್ಲಿ ಬೆಂಗಳೂರಿಗೆ ವರ್ಗಾಯಿಸಿ, 1843ರಲ್ಲಿ ಮುಚ್ಚಲಾಯಿತು.

ತುಮಕೂರು ಮತ್ತು ಗುಬ್ಬಿ ಪ್ರದೇಶ

ನಾಣ್ಯಗಳು ಚಲಾವಣೆಯಾಗುತ್ತಿದ್ದ ಬಗೆಯನ್ನು ತಿಳಿಯಲು ಸಂತೆ, ಪೇಟೆಗಳ ವಿವರಣೆಗಳು ನೆರವಾಗುತ್ತವೆ. 1800ರಲ್ಲಿ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೆ ಭೇಟಿ ನೀಡಿ ಅಲ್ಲಿನ ವ್ಯಾಪಾರವನ್ನು ದಾಖಲಿಸಿದ್ದಾನೆ. ಅಡಿಕೆ, ಕೊಬ್ಬರಿ ಮತ್ತು ಬಟ್ಟೆಗಳ ವಹಿವಾಟಿನ ಗುಬ್ಬಿ ಪೇಟೆಗೆ ದೂರದ ವರ್ತಕರೂ ಬರುತ್ತಿದ್ದರು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಮೈಸೂರು ಸೀಮೆಯ ಬೆಲೆ, ಕೂಲಿ ಮತ್ತು ಕಂದಾಯಗಳನ್ನು ಹೆಚ್ಚಾಗಿ ಕಂಠೀರಾಯಿ ಹಣದಲ್ಲಿ ಕೊಡಲಾಗಿದೆ. ಕಂಠೀರವ ನರಸರಾಜರ ಕಾಲ ಮುಗಿದು ಸುಮಾರು 140 ವರ್ಷಗಳಾಗಿದ್ದರೂ ಅವರ ಹೆಸರಿನ ಹಣವೇ ಲೆಕ್ಕದ ಆಧಾರವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಈಗ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿಂದ ಪರಿಚಿತವಾಗಿದೆ. ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ‘ಕಾವಲ್’ ಎಂದರೆ ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲು. ಇಂಥ ಭೂಮಿಯಲ್ಲಿ ಕಟ್ಟಡ, ರಸ್ತೆ, ನಾಲೆಗಳಿಗಾಗಿ ಅಗೆಯುವಾಗಲೂ ರೈತರು ಹೊಲ ಉಳುವಾಗಲೂ ಹಳೆಯ ವಸ್ತುಗಳು ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಬೆಂಗಳೂರಿನ ಯಶವಂತಪುರದ ನಿಧಿ ಬೆಳಕಿಗೆ ಬಂದದ್ದು ಇಂಥ ಕಾಮಗಾರಿಯಿಂದಲೇ.

ಕಾಗದದ ಹಣ

ಭಾರತದಲ್ಲಿ ಸರ್ಕಾರಿ ನೋಟುಗಳ ವ್ಯವಸ್ಥೆ 1861ರ ಕಾಗದದ ಹಣದ ಕಾಯಿದೆಯಿಂದ ಆರಂಭವಾಯಿತು. ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿತು. ಇಂದಿನ ನೋಟುಗಳ ಹಿಂಬದಿಯಲ್ಲಿರುವ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ 1996ರಿಂದ ಕಾರ್ಯನಿರ್ವಹಿಸುತ್ತಿದೆ. ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಅಲ್ಲಿಯೇ ಇದೆ. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿದೆ.

ನೋಟು ಸಂಗ್ರಾಹಕರು ಗವರ್ನರರ ಸಹಿ, ಕ್ರಮಸಂಖ್ಯೆ, ಮುದ್ರಣದ ವರ್ಷ ಮತ್ತು ಅಕ್ಷರಗುರುತುಗಳನ್ನು ಗಮನಿಸುತ್ತಾರೆ. ಒಂದು ರೂಪಾಯಿಯ ನೋಟನ್ನು ಭಾರತ ಸರ್ಕಾರವೇ ಹೊರಡಿಸುವುದರಿಂದ ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಕ್ರಮಸಂಖ್ಯೆಯಲ್ಲಿ ನಕ್ಷತ್ರದ ಗುರುತಿರುವ ನೋಟು, ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದಾಗಿದೆ.

ಅಧ್ಯಯನಕಾರರು ಮತ್ತು ಸಂಗ್ರಹಾಲಯಗಳು

ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ (1803–1887) ಕನ್ನಡ ಶಾಸನಗಳೊಂದಿಗೆ ನಾಣ್ಯಗಳನ್ನೂ ಸಂಗ್ರಹಿಸಿದರು. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ಗ್ರಂಥ 1880ರ ದಶಕದಲ್ಲಿ ಪ್ರಕಟವಾಯಿತು. ಜಾರ್ಜ್ ಬಿಡೀ ವರಾಹಗಳನ್ನು ಕುರಿತು 1883ರಲ್ಲಿ ಬರೆದರು. ಜೆ. ಆರ್. ಹೆಂಡರ್‌ಸನ್ ಅವರ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ನಾಣ್ಯಗಳ ಸೂಚಿ 1921ರಲ್ಲಿ ಮದರಾಸಿನಲ್ಲಿ ಹೊರಬಂದಿತು. 1885ರಲ್ಲಿ ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯು ತನ್ನ ವಾರ್ಷಿಕ ವರದಿಗಳಲ್ಲಿ ನಾಣ್ಯಗಳ ವಿವರಗಳನ್ನು ಪ್ರಕಟಿಸಿತು. ಸ್ವಾತಂತ್ರ್ಯಾನಂತರ ಎ. ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತ ಸಮಗ್ರ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ಸಂಗ್ರಹಾಲಯಗಳಲ್ಲಿ ನಾಣ್ಯಗಳನ್ನು ನೋಡಬಹುದು. ನೋಟುಗಳಿಗೆ ಮೀಸಲಾದ ರೆಜ್ವಾನ್ ರಜಾಕ್ ಅವರ ಸಂಗ್ರಹಾಲಯ 2020ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು.

ಕಾನೂನು

ಭೂಮಿಯಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಗೆ ಇದು ಅನ್ವಯಿಸುತ್ತದೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆ ಇದೆ. 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ 100 ವರ್ಷಕ್ಕೂ ಹಳೆಯದಾದ ನಾಣ್ಯ ಪ್ರಾಚ್ಯವಸ್ತುವಾಗಿದ್ದು, ಅದನ್ನು ಖಾಸಗಿಯಾಗಿ ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಚಲಾವಣೆಯ ನಾಣ್ಯಗಳನ್ನು ಕರಗಿಸುವುದನ್ನು 2011ರ ನಾಣ್ಯ ಕಾಯಿದೆ ನಿಷೇಧಿಸಿದೆ.

2016ರ ನವೆಂಬರ್ 8ರಂದು ರದ್ದಾದ 500 ಮತ್ತು 1000 ರೂಪಾಯಿಯ ನೋಟುಗಳಿಗೂ ಮಿತಿಯಿದೆ. 2017ರ ಕಾಯಿದೆಯಂತೆ ಒಬ್ಬ ವ್ಯಕ್ತಿ ಗರಿಷ್ಠ 10 ನೋಟುಗಳನ್ನು, ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ 25 ನೋಟುಗಳನ್ನು ಇಟ್ಟುಕೊಳ್ಳಬಹುದು.

ಸಂಗ್ರಹ ಮತ್ತು ಸಂರಕ್ಷಣೆ

ಹೊಸ ಸಂಗ್ರಾಹಕರು ಸಾಮಾನ್ಯವಾಗಿ ಚಲಾವಣೆಯ ನಾಣ್ಯಗಳಿಂದ ಆರಂಭಿಸುತ್ತಾರೆ. ಇಸವಿಯ ಕೆಳಗಿರುವ ಗುರುತಿನಿಂದ ಟಂಕಸಾಲೆಯನ್ನು ತಿಳಿಯಬಹುದು: ವಜ್ರಾಕೃತಿ ಮುಂಬಯಿ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಗುರುತಿಲ್ಲದಿದ್ದರೆ ಕೋಲ್ಕತ್ತ. ಬಸವೇಶ್ವರರ ಸ್ಮಾರಕವಾಗಿ 2006ರಲ್ಲಿ ಹೊರಡಿಸಿದ 5 ರೂಪಾಯಿಯ ನಾಣ್ಯ ಕರ್ನಾಟಕಕ್ಕೆ ಸಂಬಂಧಿಸಿದ ಸ್ಮಾರಕ ನಾಣ್ಯಗಳಲ್ಲಿ ಒಂದು.

ಹಳೆಯ ನಾಣ್ಯವನ್ನು ಹುಣಸೆಹಣ್ಣು, ಬೂದಿ ಅಥವಾ ಆಮ್ಲದಿಂದ ತಿಕ್ಕಿದರೆ ಬರಹದ ಅಂಚುಗಳು ಅಳಿಯುತ್ತವೆ. ಸೀಸದ ನಾಣ್ಯಗಳು ಬಹುಬೇಗ ಹಾಳಾಗುತ್ತವೆ. ನೋಟುಗಳನ್ನು ಲ್ಯಾಮಿನೇಟ್ ಮಾಡುವುದು, ಅಂಟುಪಟ್ಟಿ ಹಚ್ಚುವುದು ಹಾನಿಕರ. ಪ್ರತಿಯೊಂದು ನಾಣ್ಯದ ತೂಕ, ಅಳತೆ, ಎರಡೂ ಬದಿಯ ಛಾಯಾಚಿತ್ರ ಮತ್ತು ಅದು ಬಂದ ಮೂಲವನ್ನು ಬರೆದಿಡುವುದು ಉತ್ತಮ ಸಂಗ್ರಹದ ಲಕ್ಷಣ.

ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ನಂಬಿಸಿ, ಮುಂಗಡ ಶುಲ್ಕ ಅಥವಾ ತೆರಿಗೆಯ ಹೆಸರಿನಲ್ಲಿ ಹಣ ಕೇಳುವ ವಂಚನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಇಂಥ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಪಡೆಯಲು ಯಾವ ಸಂಸ್ಥೆಗೂ ವ್ಯಕ್ತಿಗೂ ಅಧಿಕಾರ ನೀಡಿಲ್ಲವೆಂದು ಅದು ಸ್ಪಷ್ಟಪಡಿಸಿದೆ. ನಾಣ್ಯವೊಂದರ ಬೆಲೆಯು ಅದರ ವಯಸ್ಸಿಗಿಂತ ಅದರ ಅಪರೂಪತೆ, ಸ್ಥಿತಿ ಮತ್ತು ಬೇಡಿಕೆಗಳನ್ನು ಅವಲಂಬಿಸುತ್ತದೆ. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಹಳೆಯ ತಾಮ್ರದ ಕಾಸುಗಳಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಇಲ್ಲದಿದ್ದರೂ, ದೊರೆತ ಊರಿನ ದಾಖಲೆಯೊಂದಿಗೆ ಉಳಿದವು ಆ ಊರಿನ ಇತಿಹಾಸಕ್ಕೆ ಆಧಾರಗಳಾಗುತ್ತವೆ.